ಉಚ್ಚಿಯ ತ್ರಾಸು: ನಾಚಿಕೆ ಬಿಟ್ಟು ಮಾತಾಡೋಣ



ವಾರ್ಷಿಕೋತ್ಸವದ ವೇದಿಕೆ ಮ್ಯಾಲೆ ಉಚ್ಚಿಯ ಮಾತು ಯಾಕ ಅಂತ ಕೆಲವರು ನಗಬಹುದು. ನಗ್ರಿ, ಆದರೆ ಕೇಳ್ರಿ. ನಮ್ಮ ಜತ್ತ, ಅಕ್ಕಲಕೋಟ ಕಡೆಯ ಓಣಿಗಳಲ್ಲಿ ಈ ತ್ರಾಸನ್ನು ಯಾರಿಗೂ ಹೇಳದೆ ನುಂಗಿಕೊಂಡು ಕೂತವರು ಬಹಳ ಮಂದಿ. ಉರಿ ಬಂತಂದ್ರ 'ಉಷ್ಣ ಆಗೈತಿ' ಅಂತೀವಿ, ಸಬ್ಜಾ ಬೀಜ ನೆನೆಸಿ ಕುಡೀತೀವಿ, ಮುಗೀತು. ಉಷ್ಣ ಅನ್ನೋದು ರೋಗದ ಹೆಸರಲ್ಲ. ಅದರ ಹಿಂದೆ ಬೇರೆ ಬೇರೆ ಕಾರಣ ಇರ್ತಾವ.

ಮೊದಲು ಹೆಣ್ಣುಮಕ್ಕಳ ಮಾತು. ದಸರೆ-ದೀಪಾವಳಿ ಹೊತ್ತಿಗೆ ಕಬ್ಬಿನ ಟೋಳಿ ಹೊಂಡ್ತಾವ. ಗಂಡ-ಹೆಂಡತಿ ಕೂಡಿ ಒಂದು ಕೊಯ್ತಾ. ಒಂದು ದಿನ ಕೆಲಸ ತಪ್ಪಿಸಿದರೆ ರೊಕ್ಕ ಕಡಿತ. ಫಡದಾಗ ಸಂಡಾಸ ಇಲ್ಲ, ಮರೆ ಇಲ್ಲ. ಹಿಂಗಾಗಿ ಮುಂಜಾನೆಯಿಂದ ನೀರು ಕುಡಿಯೋದನ್ನೇ ಬಿಡ್ತಾರ, ಬಂದ ಉಚ್ಚಿ ತಡೆದು ಹಿಡೀತಾರ. ಹೆಂಗಸರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ, ರೋಗಾಣು ಬೇಗ ಒಳಗೆ ಏರ್ತಾವ. ಉಚ್ಚಿ ಹೋದಾಗಲೆಲ್ಲ ಅವು ತೊಳೆದು ಹೋಗಬೇಕು. ತಡೆದರೆ ಅಲ್ಲೇ ಬೆಳೀತಾವ. ಆಮೇಲೆ ಉರಿ, ಗಳಿಗೆಗೊಮ್ಮೆ ಹನಿ ಹನಿ, ಕೆಳಹೊಟ್ಟಿ ನೋವು. ಚಳಿಜ್ವರ, ಪಕ್ಕಿಯ ಹಿಂದೆ ನೋವು ಸೇರಿದರೆ ಸೋಂಕು ಕಿಡ್ನಿಗೆ ಏರಿರಬಹುದು. ಬಸುರಿ ಹೆಂಗಸು ಅಂತೂ ಒಂದು ದಿನವೂ ಕಾಯಬಾರದು. ಬಿಸಿಲಲ್ಲಿ ಬೆವರಿ, ನೀರಿಲ್ಲದೆ ದುಡಿದರೆ ಗಂಡಸರಿಗೂ ಹೆಂಗಸರಿಗೂ ಹರಳು ಕಟ್ಟುವ ಭಯ ಬೇರೆ.

ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳ ಗರ್ಭಚೀಲ ತೆಗೆದ ಸುದ್ದಿ ನಿಮಗೆ ನೆನಪಿರಬೇಕು. 2019ರಲ್ಲಿ ಸರಕಾರ ಚೌಕಶಿ ಸಮಿತಿಯನ್ನೇ ಮಾಡಬೇಕಾಯ್ತು. ಬಿಳಿ ಹೋಗ್ತೈತಿ, ಕೆಳಹೊಟ್ಟಿ ನೋಯ್ತೈತಿ ಅಂದವರಿಗೂ ಚೀಲ ತೆಗೆಸಲು ಹೇಳಿದ್ದರು ಅಂತ ದೂರುಗಳಿದ್ದವು. ಉಚ್ಚಿ ತಪಾಸಣೆಗೆ ಖರ್ಚೆಷ್ಟು, ಆಪರೇಷನ್ನಿಗೆ ಎಷ್ಟು, ಆ ಸಾಲ ತೀರಿಸಲು ಎಷ್ಟು ಹಂಗಾಮು ಕಡೀಬೇಕು, ಲೆಕ್ಕ ನೀವೇ ಹಾಕ್ರಿ.

ಇನ್ನು ಸಕ್ಕರಿ ಕಾಯಿಲೆ. ಬಾಬಾಸಾಹೇಬರಿಗೂ ಅದು ಇತ್ತು. 1948ರಲ್ಲಿ ಅವರನ್ನು ಮದುವೆಯಾದ ಸವಿತಾಮಾಯಿ ಸ್ವತಃ ಡಾಕ್ಟರರು, ಔಷಧ-ಪಥ್ಯ ನೋಡಿಕೊಂಡರು. ರಕ್ತದಲ್ಲಿ ಸಕ್ಕರಿ ಸುಮಾರು 180 ದಾಟಿತಂದ್ರ ಕಿಡ್ನಿ ಅದನ್ನ ತಡೆಹಿಡಿಯಲಾರದು, ಉಚ್ಚಿಯೊಳಗ ಬಿಡ್ತೈತಿ. ಸಕ್ಕರಿ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗ್ತೈತಿ. ಅದಕ್ಕೇ ರಾತ್ರಿ ಮೂರು-ನಾಲ್ಕು ಸಲ ಏಳೋದು, ಬಾಯಿ ಒಣಗೋದು. ವರ್ಷಗಟ್ಟಲೆ ಹಂಗೇ ಬಿಟ್ಟರೆ ಮೂತ್ರಚೀಲದ ನರಗಳೇ ಮಂದ ಆಗ್ತಾವ, ಚೀಲ ಪೂರ್ತಿ ಖಾಲಿ ಆಗೋದಿಲ್ಲ, ಮತ್ತೆ ಮತ್ತೆ ಸೋಂಕು ಬರ್ತೈತಿ.

ಐವತ್ತು ದಾಟಿದ ಗಂಡಸರೇ, ಧಾರೆ ಸಣ್ಣದಾಗೈತಿ, ತಿಣುಕಬೇಕು, ಮುಗಿದರೂ ಮುಗಿದಂಗ ಅನಸೂದಿಲ್ಲ ಅಂದ್ರ ಪ್ರಾಸ್ಟೇಟ್ ಗ್ರಂಥಿ ಬೆಳೆದಿರಬಹುದು. ವಯಸ್ಸಾದಂತೆ ಅದು ಬಹಳ ಜನರಿಗೆ ಬೆಳೀತೈತಿ, ಕ್ಯಾನ್ಸರ್ ಅಂತ ಮೊದಲೇ ಹೆದರಬ್ಯಾಡ್ರಿ, ಮಾತ್ರೆ ಅದಾವ. ಒಂದು ಎಚ್ಚರಿಕೆ: ಇಂಥವರು ನೆಗಡಿಗೆ ಅಂಗಡಿಯ ಮಾತ್ರೆ ತಾವೇ ನುಂಗಬಾರದು. ಕೆಲವು ಮಾತ್ರೆಗಳಿಂದ ಉಚ್ಚಿ ಪೂರ್ತಿ ಕಟ್ಟಿಬಿಡ್ತೈತಿ. ಹಂಗೆ ಕಟ್ಟಿದರೆ ಬೆಳಗಾಗಲಿ ಅನ್ನಬ್ಯಾಡ್ರಿ, ರಾತ್ರೋರಾತ್ರಿ ದವಾಖಾನೆಗೆ ಒಯ್ಯಿರಿ. ನೋವಿಲ್ಲದೆ ಉಚ್ಚಿಯಲ್ಲಿ ರಕ್ತ ಕಂಡರೂ ಸುಮ್ಮನಿರಬಾರದು, ಅದರಲ್ಲೂ ಬೀಡಿ ಸೇದುವವರು. ಮೂತ್ರಚೀಲದ ಕ್ಯಾನ್ಸರಿಗೆ ಹೊಗೆ ದೊಡ್ಡ ಕಾರಣ. ಒಮ್ಮೆ ಕಂಡು ನಿಂತಿತು ಅಂತ ಬಿಟ್ಟವರೇ ತಡವಾಗಿ ಬರ್ತಾರ.

ಹೆರಿಗೆಯಾದ ಹೆಂಗಸರಿಗೆ ಕೆಮ್ಮಿದಾಗ, ಮೋಳಿಗೆ ಎತ್ತಿದಾಗ ಉಚ್ಚಿ ಸೋರೋದುಂಟು. ಇದು ಹಣೆಬರಹ ಅಲ್ಲ, ತಳದ ಸ್ನಾಯು ಬಿಗಿದು ಬಿಡುವ ವ್ಯಾಯಾಮ ಐತಿ. ನರ್ಸಬಾಯಿಯವರನ್ನ ಕೇಳ್ರಿ.

ಸಂಘದ ಹುಡುಗರಿಗೆ ಒಂದು ಕೆಲಸ. ಟೋಳಿ ಹೊಂಡುವ ಮೊದಲು, ಮುಕಾದಮ ಮುಂಗಡ ಕೊಡಲು ಬಂದಾಗಲೇ, ಫಡದ ಹತ್ತಿರ ಮರೆ ಇರುವ ಸಂಡಾಸ ಮತ್ತು ಕುಡಿಯುವ ನೀರು ಕೇಳ್ರಿ. ರೊಕ್ಕ ಕೈಗೆ ಬಂದ ಮ್ಯಾಲೆ ಕೇಳಿದರೆ ಯಾರೂ ಕಿವಿಗೆ ಹಾಕ್ಕೊಳ್ಳೂದಿಲ್ಲ. ಮೂವತ್ತು ದಾಟಿದವರೆಲ್ಲ ಉಪಕೇಂದ್ರಕ್ಕೆ ಹೋಗಿ ಬಿಪಿ, ಸಕ್ಕರಿ ತೋರಿಸ್ರಿ, ಬಿಟ್ಟಿ ನೋಡ್ತಾರ.

ಇಲ್ಲಿ ಎಲ್ಲರ ಮುಂದೆ ಕೇಳಲು ನಾಚಿಕೆ ಆಗುವವರು ಕಾರ್ಯಕ್ರಮ ಮುಗಿದ ಮ್ಯಾಲೆ ಸಮಾಜಮಂದಿರದ ಹಿಂದಿನ ಖೋಲಿಗೆ ಬರ್ರಿ. ಹೆಣ್ಣುಮಕ್ಕಳಿಗೆ ಆಶಾತಾಯಿ ಬೇರೆ ಕೂಡ್ತಾರ.