ಸ್ಟೋಮಾ ಸುತ್ತ ಚರ್ಮ ಉರಿದ್ರೆ ಸಹಿಸ್ಕೊಂಡು ಕೂರಬೇಡಿ

ನಾನು ಮಾತಾಡ್ತಿರೋದು ಸಿದ್ದಾಪುರದಿಂದ. ಉತ್ತರ ಕನ್ನಡದ್ದಲ್ಲ, ಕೊಡಗಿನದ್ದೂ ಅಲ್ಲ. ಕುಂದಾಪುರದಿಂದ ಬಾಳೆಬರೆ ಘಾಟಿ ಕಡೆ ಹೋಗುವಾಗ ಸಿಗುವ ಸಿದ್ದಾಪುರ.

ಇವತ್ತಿನ ವಿಷಯ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ್ದು. ಕರುಳಿನ ಕ್ಯಾನ್ಸರೋ, ಅಪಘಾತವೋ, ಏನೋ ಒಂದು ಕಾರಣಕ್ಕೆ ಆಪರೇಶನ್ ಮಾಡಿ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿರ್ತಾರೆ. ಅದೇ ಸ್ಟೋಮಾ. ಮಲ ಅಲ್ಲಿಂದಲೇ ಬಂದು, ಹೊಟ್ಟೆಗೆ ಅಂಟಿಸಿದ ಬ್ಯಾಗಿಗೆ ಬೀಳುತ್ತದೆ.

ನಮ್ಮ ಮಾವನಿಗೆ ಹಾಗಾಗಿದೆ. ಅವರನ್ನು ಕೇಳಿಯೇ ಹೇಳ್ತಿದ್ದೇನೆ. "ನನ್ ಹೆಸ್ರ್ ಒಂದ್ ಹೇಳ್ಬೇಡ, ಬಾಕಿದ್ದೆಲ್ಲ ಹೇಳ್ ಮಾರಾಯ" ಅಂದ್ರು. ಮನೆಗೆ ಬಂದು ಎರಡು ತಿಂಗಳಾಗುವಾಗ ಸ್ಟೋಮಾದ ಸುತ್ತ ಚರ್ಮ ಸುಟ್ಟ ಹಾಗೆ ಕೆಂಪಾಗಿತ್ತು. ಉರಿ, ಒದ್ದೆ. ಅವರು ಮದುವೆಮನೆಗೆ ಹೋಗೋದು ಬಿಟ್ರು, ಊಟ ಕಡಿಮೆ ಮಾಡಿದ್ರು. ಬ್ಯಾಗ್ ಇದ್ದವರಿಗೆಲ್ಲ ಇದು ಇದ್ದದ್ದೇ ಅಂದ್ಕೊಂಡಿದ್ರು.

ಇದ್ದದ್ದೇ ಅಲ್ಲ. ಇವತ್ತು ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಸ್ಟೋಮಾ ಕೆಂಪಗೆ, ಬಾಯಿಯ ಒಳಭಾಗದ ಹಾಗೆ ಒದ್ದೆಯಾಗಿರಬೇಕು. ಅದರ ಸುತ್ತಲಿನ ಚರ್ಮ ಮಾತ್ರ ಹೊಟ್ಟೆಯ ಬೇರೆ ಕಡೆಯ ಚರ್ಮದ ಹಾಗೇ ಇರಬೇಕು. ಕೆಂಪಾದ್ರೆ, ತುರಿಸಿದ್ರೆ, ಹೆಚ್ಚಾಗಿ ಎಲ್ಲೋ ಸೋರ್ತಿದೆ ಅಂತ ಅರ್ಥ.

ಸೋರೋದು ಯಾಕೆ? ಆಪರೇಶನ್ ಆದಾಗ ಸ್ಟೋಮಾ ಊದಿರುತ್ತೆ. ಮುಂದಿನ 6ರಿಂದ 8 ವಾರಗಳಲ್ಲಿ ಅದು ಸಣ್ಣದಾಗ್ತಾ ಬರುತ್ತೆ. ಚರ್ಮಕ್ಕೆ ಅಂಟಿಸುವ ಫ್ಲ್ಯಾಂಜಿನ ತೂತು ಮಾತ್ರ ನಾವು ಹಳೇ ಅಳತೆಗೇ ಕತ್ತರಿಸ್ತಾ ಇರ್ತೇವೆ. ನಡುವೆ ಉಳಿದ ಚರ್ಮದ ಮೇಲೆ ಮಲ ಕೂರುತ್ತೆ. ಸಣ್ಣ ಕರುಳಿನ ಸ್ಟೋಮಾ ಆದ್ರೆ ಇನ್ನೂ ಕಷ್ಟ. ಅದರಲ್ಲಿ ಬರುವ ಜೀರ್ಣರಸ ಚರ್ಮವನ್ನೂ ಸುಡುತ್ತದೆ. ಮಾವನಿಗೆ ಆದದ್ದು ಇದೇ. ಸ್ಟೋಮಾ ಆರೈಕೆ ಕಲಿತ ನರ್ಸ್ ಒಬ್ರು ಹೊಸದಾಗಿ ಅಳೆದು, ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ತೂತು ಕತ್ತರಿಸಿ ತೋರಿಸಿದ್ರು. ಉರಿ ಇಳಿಯಿತು.

ಇನ್ನು ನಮ್ಮ ಊರಿನ ಅಭ್ಯಾಸಗಳು. ಚರ್ಮಕ್ಕೆ ಏನಾದ್ರೂ ಮೊದ್ಲು ತೆಂಗಿನೆಣ್ಣೆ! ಇಲ್ಲಿ ಬೇಡ, ಎಣ್ಣೆ ಇದ್ರೆ ಫ್ಲ್ಯಾಂಜ್ ಹಿಡಿಯೋದಿಲ್ಲ. ಡೆಟಾಲ್, ಸ್ಪಿರಿಟ್ಟೂ ಬೇಡ. ಉಗುರುಬೆಚ್ಚಗಿನ ನೀರು, ಮೆತ್ತಗಿನ ಬಟ್ಟೆ ಸಾಕು. ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಒಣಗಿಸಿ. ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈ ಒತ್ತಿ ಹಿಡೀರಿ, ಬಿಸಿಗೆ ಚೆನ್ನಾಗಿ ಕೂರುತ್ತೆ. ತೆಗೆಯುವಾಗ ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು ನಿಧಾನಕ್ಕೆ ಬಿಡಿಸಿ. ಬ್ಯಾಗ್ ಮೂರನೇ ಒಂದು ಭಾಗ ತುಂಬುವಾಗಲೇ ಖಾಲಿ ಮಾಡಿ. ಭಾರ ಆದ್ರೆ ಅದೇ ಎಳೆದು ಸೋರುತ್ತೆ. ಮಳೆಗಾಲದಲ್ಲಿ, ಬೆವರಿನ ದಿನಗಳಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ ಬಂದು ತುರಿಸಿದ್ರೆ ಫಂಗಸ್ ಇರಬಹುದು. ಮೆಡಿಕಲ್ಲಿನಿಂದ ಕ್ರೀಮ್ ತಂದು ಹಚ್ಚೋ ಬದಲು ಡಾಕ್ಟರಿಗೆ ತೋರಿಸಿ.

ನಾನು ಡಾಕ್ಟರಲ್ಲ, ಬಿಕಾಂ ಓದಿದವ. ಹಾಗಾಗಿ ಒಂದು ಲೆಕ್ಕ ಹೇಳ್ತೇನೆ. ಫ್ಲ್ಯಾಂಜಿಗೆ ದುಡ್ಡಾಗುತ್ತೆ ಅಂತ ಸೋರ್ತಿದ್ರೂ ಎರಡು ದಿನ ಜಾಸ್ತಿ ಎಳೀತೇವೆ. ಚರ್ಮ ಹಾಳಾಗುತ್ತೆ. ಒದ್ದೆ ಚರ್ಮಕ್ಕೆ ಮುಂದಿನ ಫ್ಲ್ಯಾಂಜ್ ಒಂದು ದಿನವೂ ನಿಲ್ಲೋದಿಲ್ಲ. ಉಳಿಸಿದ್ದಕ್ಕಿಂತ ಹೋದದ್ದೇ ಹೆಚ್ಚು! ಸೋರಿದ ದಿನವೇ ಬದಲಾಯಿಸೋದೇ ಉಳಿತಾಯ.

ಈ ಆರೈಕೆಯನ್ನ ಒಂದು ವೃತ್ತಿಯಾಗಿ ಶುರು ಮಾಡಿದ್ದು ಕೂಡ ಒಬ್ಬ ರೋಗಿಯೇ. ಅಮೆರಿಕದ ನಾರ್ಮಾ ಗಿಲ್. ಅವರಿಗೇ ಸ್ಟೋಮಾ ಇತ್ತು. 1958ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಅವರನ್ನ ಬೇರೆ ರೋಗಿಗಳಿಗೆ ಕಲಿಸೋಕೆ ಕೆಲಸಕ್ಕೆ ತಗೊಂಡ್ರು. ಆ ಕಾಲದಲ್ಲಿ ಚರ್ಮ ಕಾಪಾಡೋಕೆ ಬಳಸ್ತಿದ್ದದ್ದು ಕರಾಯ ಗೋಂದು. ಅದು ನಮ್ಮ ಭಾರತದ ಕಾಡಿನ ಮರದ ಅಂಟು.

ನಿಮ್ಮ ಮನೇಲಿ ಯಾರಿಗಾದ್ರೂ ಸ್ಟೋಮಾ ಇದ್ರೆ, ಮೊಬೈಲ್ ಇರೋ ನೀವು ಒಂದು ಕೆಲ್ಸ ಮಾಡಿ. ಅವರು ಒಪ್ಪಿದ್ರೆ, ಬ್ಯಾಗ್ ಬದಲಾಯಿಸುವಾಗ ಪ್ರತಿ ಸಲ ಒಂದು ಫೋಟೋ ತೆಗೆದಿಡಿ. ಆಪರೇಶನ್ ಮಾಡಿದ ಆಸ್ಪತ್ರೆಯಲ್ಲಿ ಸ್ಟೋಮಾ ನರ್ಸ್ ಇದ್ದಾರಾ ಕೇಳಿ, ಅವರಿಗೆ ತೋರಿಸಿ. ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ರೆ ಫೋಟೋ ತೆಗೀತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮಾವ ಮೊನ್ನೆ ಕುಂದಾಪುರ ಪೇಟೆಗೆ ಬಸ್ಸಲ್ಲಿ ಒಬ್ರೇ ಹೋಗಿ ಬಂದ್ರು. ನಿಮಗೆ ಗೊತ್ತಿರೋರು ಯಾರಾದ್ರೂ ಮನೆಯೊಳಗೇ ಕೂತಿದ್ರೆ ಇದನ್ನ ಅವರಿಗೆ ಕಳಿಸಿ. ಮತ್ತೆ ಕಾಂಬ, ನಮಸ್ಕಾರ.