ಸ್ಪ್ಯಾನರ್ ಯಾರ ಕೈಯಲ್ಲಿರಬೇಕು?

(ಶಾಲೆಯ ಸುವರ್ಣ ಮಹೋತ್ಸವದಂದು ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಆಫ್ರಿಕಾದಲ್ಲಿ ನಾನು ಮಾಡಿದ ಸೇವೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ಸೇವೆಯ ವಿಷಯ ಹಾಗಿರಲಿ. ಅಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ. ಅದರಿಂದ ಈ ಶಾಲೆಗೂ ಏನಾದರೂ ಉಪಯೋಗವಾದೀತು.

ನಾನು ಎರಡು ವರ್ಷ ಇದ್ದದ್ದು ಮಲಾವಿ ದೇಶದಲ್ಲಿ. ಅದು ನಮ್ಮ ಕರ್ನಾಟಕಕ್ಕಿಂತ ಚಿಕ್ಕದು, 1964ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾದದ್ದು. ಸಮುದ್ರವಿಲ್ಲ, ಆದರೆ ಸಮುದ್ರದಂತೆಯೇ ಕಾಣುವ ದೊಡ್ಡ ಸರೋವರವಿದೆ. ನನ್ನ ಕೆಲಸ ಡೆಡ್ಜಾ ಜಿಲ್ಲೆಯ ಎಂಟು ಹಳ್ಳಿಗಳಲ್ಲಿ. ಕುಡಿಯುವ ನೀರಿನ ಕೆಲಸ ಮಾಡುವ ಸ್ಥಳೀಯ ಸ್ವಯಂಸೇವಕರ ತಂಡಕ್ಕೆ ನಾನು ಮುಖಂಡ. ಸಂಬಳವಿಲ್ಲ, ಊಟ ವಸತಿಗೆ ಸಾಲುವಷ್ಟು ಭತ್ಯೆ.

ಊಟದ ವಿಷಯದಲ್ಲಿ ನನಗೆ ಮೊದಲ ದಿನವೇ ಸಮಾಧಾನವಾಯಿತು. ಅಲ್ಲಿಯವರ ಊಟ 'ನ್ಸಿಮಾ'. ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತೊಳಸುತ್ತಾರೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೋ ಹುರುಳಿಕಾಯಿ ಬೀಜದ ಸಾರಿಗೋ ಅದ್ದಿ ತಿನ್ನುತ್ತಾರೆ. ಮುದ್ದೆ ತಿಂದು ಬೆಳೆದವನಿಗೆ ಇನ್ನೇನು ಬೇಕು? ಯಾರ ಮನೆಗೆ ಹೋದರೂ ಅಂಗಳದಲ್ಲೇ ನಿಂತು 'ಓಡಿ' ಎನ್ನಬೇಕು, ಒಳಗಿನಿಂದ ಉತ್ತರ ಬಂದ ಮೇಲೆಯೇ ಮುಂದಕ್ಕೆ ಹೆಜ್ಜೆ. ಅಲ್ಲಿನ ಚೇವಾ ಜನರಲ್ಲಿ ವಂಶ ತಾಯಿಯ ಕಡೆಯಿಂದ ನಡೆಯುತ್ತದೆ. ಊರ ಮುಖ್ಯಸ್ಥನ ನಂತರ ಆ ಸ್ಥಾನ ಸಾಮಾನ್ಯವಾಗಿ ಅವನ ಅಕ್ಕತಂಗಿಯರ ಮಗನಿಗೆ. ನಮ್ಮ ಕರಾವಳಿಯ ಅಳಿಯಸಂತಾನ ಪದ್ಧತಿ ಗೊತ್ತಿದ್ದವರಿಗೆ ಇದು ಹೊಸದೆನಿಸದು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಮಾರಿಗುಡಿ ಹತ್ತಿರದ ನಮ್ಮ ಬೋರಿಂಗ್ ನಿಮಗೆಲ್ಲ ನೆನಪಿದೆಯಲ್ಲ? ಅದು ಇಂಡಿಯಾ ಮಾರ್ಕ್ 2 ಕೈಪಂಪು. ಕೆಟ್ಟರೆ ತಾಲ್ಲೂಕಿನಿಂದ ಜೀಪ್ ಬರಬೇಕು, ಕಬ್ಬಿಣದ ಪೈಪುಗಳನ್ನು ಎತ್ತಲು ನಾಲ್ಕೈದು ಜನ ಗಂಡಸರು ಬೇಕು. ಅದು ಬರುವ ತನಕ ನಮ್ಮ ಅಮ್ಮಂದಿರು ಗೌಡರ ತೋಟದ ಬಾವಿಗೆ ಹೋಗುತ್ತಿದ್ದರು. ಮಲಾವಿಯಲ್ಲಿ ಹೆಚ್ಚಾಗಿ ಇರುವುದು 'ಆಫ್ರಿಡೆವ್' ಎಂಬ ಇನ್ನೊಂದು ಪಂಪು. 1980ರ ದಶಕದಲ್ಲಿ ಕೀನ್ಯಾ ಮತ್ತು ಮಲಾವಿಯಲ್ಲಿಯೇ ರೂಪುಗೊಂಡದ್ದು. ಊರಿನವರೇ, ಅದರಲ್ಲೂ ಹೆಂಗಸರೇ, ರಿಪೇರಿ ಮಾಡಿಕೊಳ್ಳಲಿ ಎಂಬುದೇ ಅದರ ಉದ್ದೇಶ. ನೀರಿನ ಪೈಪನ್ನು ಮೇಲೆತ್ತಬೇಕಾಗಿಲ್ಲ. ಒಳಗಿನ ಸರಳುಗಳನ್ನು ಒಂದೊಂದಾಗಿ ಎಳೆದು, ಕೊಕ್ಕೆ ಬಿಡಿಸುವಂತೆ ಕೈಯಲ್ಲೇ ಬಿಡಿಸಬಹುದು. ಸವೆಯುವುದು ಮುಖ್ಯವಾಗಿ ಒಂದು ರಬ್ಬರ್ ಸೀಲು, ಕೆಲವು ಪ್ಲಾಸ್ಟಿಕ್ ಬುಷ್‌ಗಳು. ಇಷ್ಟಕ್ಕೆಲ್ಲ ಬೇಕಾದದ್ದು ಒಂದೇ ಒಂದು ಸ್ಪ್ಯಾನರ್.

ಪ್ರತಿ ಪಂಪಿಗೂ ಒಂದು ಸಮಿತಿ. ಮನೆಗಿಷ್ಟು ಎಂದು ತಿಂಗಳಿಗೊಮ್ಮೆ ಹಣ ಕೂಡಿಸಿ, ಸೀಲು ಬುಷ್ ತಂದಿಡಬೇಕು. ನಾನಿದ್ದ ಹಳ್ಳಿಯ ಸಮಿತಿಯ ಅಧ್ಯಕ್ಷೆ ಒಬ್ಬ ಅಜ್ಜಿ. ಅವರ ಭಾಷೆಯಲ್ಲಿ ಅಜ್ಜಿಗೆ 'ಅಗೊಗೊ' ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತಿದ್ದೆ.

ನಾನು ಹೋದ ಎರಡನೇ ವಾರ ಪಂಪು ಕೆಟ್ಟಿತು. ಸಮಿತಿಯವರು ಸೇರಿ, ಮಾತಾಡಿ, ಹಣ ಎಣಿಸಿ ಮುಗಿಸುವಷ್ಟರಲ್ಲಿ ಎರಡು ದಿನ ಕಳೆಯಿತು. ನನಗೆ ತಡೆಯಲಾಗಲಿಲ್ಲ. ರೈತನ ಮಗ, ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಅಭ್ಯಾಸ. ನನ್ನ ಹಣದಲ್ಲೇ ಸೀಲು ತಂದೆ, ಒಂದು ಗಂಟೆಯಲ್ಲಿ ನೀರು ಬರಿಸಿದೆ. ಹೆಂಗಸರು ಕುಣಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಆ ರಾತ್ರಿ ನನಗೆ ಹೆಮ್ಮೆಯಿಂದ ನಿದ್ದೆ ಬರಲಿಲ್ಲ.

ಅಂದಿನಿಂದ ಎಂಟೂ ಹಳ್ಳಿಗಳಿಂದ ನನಗೇ ಕರೆ. ಬೈಕ್ ಹತ್ತಿ ಹೊರಡುತ್ತಿದ್ದೆ. ಸ್ಪ್ಯಾನರ್ ಕಳೆದುಹೋಗಬಾರದೆಂದು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಸಮಿತಿಗಳ ಸಭೆ ನಿಂತವು, ಹಣ ಕೂಡಿಸುವುದೂ ನಿಂತಿತು. ನಾನಿರುವಾಗ ಅವರಿಗೇಕೆ ಆ ತಾಪತ್ರಯ? ಅದನ್ನು ನಾನು ಗಮನಿಸಲೂ ಇಲ್ಲ. ತಿಂಗಳ ವರದಿಯಲ್ಲಿ 'ಎಲ್ಲ ಪಂಪುಗಳೂ ಸುಸ್ಥಿತಿಯಲ್ಲಿವೆ' ಎಂದು ಬರೆಯುತ್ತಿದ್ದೆ.

ಮಳೆಗಾಲ ಬಂತು. ಅಲ್ಲಿ ಮಳೆ ನವೆಂಬರಿನಿಂದ ಏಪ್ರಿಲ್ ತನಕ. ಜನವರಿಯಿಂದ ಮಾರ್ಚ್ ಎಂದರೆ ಹೊಟ್ಟೆಗೆ ಕಷ್ಟದ ತಿಂಗಳುಗಳು. ಕಣಜದ ಜೋಳ ಮುಗಿದಿರುತ್ತದೆ, ಹೊಲದ ಜೋಳ ಇನ್ನೂ ಹಸಿರು. ಮಲೇರಿಯಾ ಕೂಡ ಆಗಲೇ ಹೆಚ್ಚು. ನನಗೂ ಬಂತು. ಆಸ್ಪತ್ರೆ ಸೇರಿದೆ, ಆಮೇಲೆ ಪಟ್ಟಣದಲ್ಲಿ ಪರಿಚಿತರ ಮನೆಯಲ್ಲಿ ಸುಧಾರಿಸಿಕೊಂಡೆ. ಹಳ್ಳಿಗೆ ಮರಳುವಾಗ ಮೂರು ವಾರ ದಾಟಿತ್ತು.

ಪಂಪಿನ ಕಟ್ಟೆ ಒಣಗಿತ್ತು. ಹಿಡಿಕೆಯ ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು. ನಾನು ಹೋದ ನಾಲ್ಕನೇ ದಿನವೇ ಕೆಟ್ಟಿತಂತೆ. ಹೆಂಗಸರು ತಗ್ಗಿನ ಜೌಗು ನೆಲದಲ್ಲಿ ಗುಂಡಿ ತೋಡಿ, ದನ ಕುಡಿಯುವ ಜಾಗದಲ್ಲೇ ನೀರು ಮೊಗೆಯುತ್ತಿದ್ದರು. ಅಗೊಗೊ ಅವರ ಮೊಮ್ಮಗಳಿಗೆ ವಾಂತಿಭೇದಿ ಹತ್ತಿ, ಮಳೆಯಲ್ಲಿ ಸೈಕಲ್ ಮೇಲೆ ಆರೋಗ್ಯ ಕೇಂದ್ರಕ್ಕೆ ಒಯ್ದಿದ್ದರು. ಮಗು ಉಳಿಯಿತು. ನಾನು ನೋಡಿದಾಗ ಜಗಲಿಯ ಮೇಲೆ ಮಲಗಿತ್ತು, ಕಣ್ಣು ಗುಳಿಬಿದ್ದಿತ್ತು.

ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. 'ಅಗೊಗೊ, ನಿಮಗೆ ತರಬೇತಿ ಆಗಿದೆಯಲ್ಲ. ನೀವೇ ಯಾಕೆ ಬಿಚ್ಚಲಿಲ್ಲ?' ಎಂದೆ.

ಅಜ್ಜಿ ದನಿ ಏರಿಸಲಿಲ್ಲ. 'ಸ್ಪ್ಯಾನರ್ ನಿಮ್ಮ ಮನೆಯಲ್ಲಿತ್ತು. ಮನೆಗೆ ಬೀಗ ಇತ್ತು' ಎಂದರು.

ನನ್ನ ಬಾಯಿ ಕಟ್ಟಿತು. ಆ ಬೀಗದ ಕೈ ಆಗಲೂ ನನ್ನ ಜೇಬಿನಲ್ಲಿಯೇ ಇತ್ತು.

ಮರುದಿನ ಬೆಳಿಗ್ಗೆ ಸ್ಪ್ಯಾನರ್ ತಂದು ಅಜ್ಜಿಯ ಕೈಗಿತ್ತೆ. ಕೈಕಟ್ಟಿ ಕಟ್ಟೆಯ ಆಚೆ ಕೂತೆ. ಅಷ್ಟು ಕಷ್ಟದ ಕೆಲಸ ನಾನು ಅಲ್ಲಿ ಇನ್ನೊಂದು ಮಾಡಲಿಲ್ಲ. ನಟ್ಟು ತಪ್ಪು ದಿಕ್ಕಿಗೆ ತಿರುಗಿಸಿದರು, ಸರಳು ಮಣ್ಣಿಗೆ ಬಿತ್ತು, ಸೀಲು ತಲೆಕೆಳಗಾಗಿ ಹಾಕಿದರು. ಪ್ರತಿ ಸಲವೂ ನನ್ನ ಕೈ ಮುಂದೆ ಹೋಗುತ್ತಿತ್ತು, ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಮೂರೂವರೆ ಗಂಟೆ ಹಿಡಿಯಿತು. ನೀರು ಬಂದಾಗ ಅವರು ನನ್ನ ಕಡೆ ನೋಡಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು.

ಹಣಕ್ಕೂ ಅವರೇ ದಾರಿ ಹುಡುಕಿದರು. ಅಲ್ಲಿ ಹೆಂಗಸರ ಉಳಿತಾಯ ಗುಂಪುಗಳಿವೆ. 'ಬ್ಯಾಂಕಿ ಮ್ಖೊಂಡೆ' ಎನ್ನುತ್ತಾರೆ. ಖೊಂಡೆ ಎಂದರೆ ಜಗಲಿ, ಅಂದರೆ ಜಗಲಿ ಬ್ಯಾಂಕು. ನಮ್ಮ ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ನಮ್ಮ ಹಾಗೆ ಊರಾಚೆಯ ಬ್ಯಾಂಕಿನಲ್ಲಿ ಖಾತೆ ಇಲ್ಲ, ಹಣವೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೈಗಳು ಮೂರು ಮನೆಗಳಲ್ಲಿ. ಮೂವರೂ ಸೇರದೆ, ಎಲ್ಲರ ಎದುರಲ್ಲದೆ, ಪೆಟ್ಟಿಗೆ ತೆರೆಯುವಂತಿಲ್ಲ. ಪಂಪಿನ ಹಣವನ್ನೂ ಆ ಪೆಟ್ಟಿಗೆಯಲ್ಲೇ ಬೇರೆ ಚೀಲ ಮಾಡಿ ಇಡತೊಡಗಿದರು. ಒಂದೇ ಬೀಗ ಹಾಕಿ ಕೈಯನ್ನು ಜೇಬಿಗಿಳಿಸಿದ್ದ ನನಗೆ ಆ ಪೆಟ್ಟಿಗೆಯೇ ಪಾಠವಾಯಿತು.

ಎರಡನೇ ವರ್ಷದ ಕೊನೆಗೆ, ಬೀಳ್ಕೊಡುಗೆಗೆಂದು ದೂರದ ಒಂದು ಹಳ್ಳಿಗೆ ಹೋಗಿದ್ದೆ. ಮಾತಿನ ನಡುವೆ, ಪಂಪು ಕಳೆದ ತಿಂಗಳು ಕೆಟ್ಟಿತ್ತು, ಸರಿಮಾಡಿಕೊಂಡೆವು ಎಂದರು. ನನಗೆ ಯಾರೂ ಹೇಳಿಯೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಮೊದಲು ಸ್ವಲ್ಪ ಬೇಸರವಾಯಿತು. ಬೈಕಿನಲ್ಲಿ ಅರ್ಧ ದಾರಿ ಬಂದ ಮೇಲೆ ಸಂತೋಷವಾಯಿತು. ಆ ಸಂತೋಷ ಮೊದಲ ದಿನದ ಚಪ್ಪಾಳೆಗಿಂತ ದೊಡ್ಡದು, ಇನ್ನೂ ಇದೆ.

ಮಿತ್ರರೇ, ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಬ್ಯಾಚಿನವರು ಈ ಶಾಲೆಗೆ ನೀರು ಶುದ್ಧೀಕರಿಸುವ ಯಂತ್ರ ಕೊಟ್ಟೆವು, ಫಲಕ ಹಾಕಿಸಿದೆವು, ಫೋಟೊ ತೆಗೆಸಿಕೊಂಡೆವು. ಇವತ್ತು ಬೆಳಿಗ್ಗೆ ಹೋಗಿ ನಲ್ಲಿ ತಿರುಗಿಸಿದೆ. ನೀರಿಲ್ಲ. ತಪ್ಪು ಶಾಲೆಯದಲ್ಲ. ಯಂತ್ರ ಕೊಟ್ಟ ನಾವು ಅದರ ಫಿಲ್ಟರ್ ಬದಲಿಸುವುದನ್ನು ಯಾರಿಗೂ ಕಲಿಸಲಿಲ್ಲ. ಅದರ ಕಾಗದಪತ್ರವೂ ಬೆಂಗಳೂರಿನ ನನ್ನ ಮನೆಯ ಕಪಾಟಿನಲ್ಲೇ ಇದೆ. ಮಲಾವಿಯಲ್ಲಿ ಕಲಿತದ್ದನ್ನು ನನ್ನ ಊರಿನಲ್ಲೇ ಮರೆತಿದ್ದೆ.

ಈ ಸಲ ಫಲಕ ಬೇಡ. ನಾಳೆ ಭಾನುವಾರ, ನಾನು ಇಲ್ಲೇ ಇರುತ್ತೇನೆ. ಒಂಬತ್ತನೇ ತರಗತಿಯ ಐದು ಹೆಣ್ಣುಮಕ್ಕಳು, ಐದು ಗಂಡುಮಕ್ಕಳು, ಶಾಲಾಭಿವೃದ್ಧಿ ಸಮಿತಿಯ ಇಬ್ಬರು ತಾಯಂದಿರು ಬರಲಿ. ಫಿಲ್ಟರ್ ನಾನು ತಂದಿರುತ್ತೇನೆ. ಬಿಚ್ಚುವವರು ಅವರು, ಜೋಡಿಸುವವರೂ ಅವರೇ. ನಾನು ಕೈಕಟ್ಟಿ ಕೂರುತ್ತೇನೆ. ಆ ಕಲೆಯನ್ನು ಒಬ್ಬ ಅಜ್ಜಿ ನನಗೆ ಕಲಿಸಿದ್ದಾರೆ.