ಸರಕಿಗಿಂತ ಮುಂದೆ ಕಾಗದ, ಕಾಗದದ ಮೇಲೆ ನಿಮ್ಮ ಸಹಿ



ಮುಂಬಯಿ ಕನ್ನಡಿಗರಿಗೆ ನ್ಹಾವಾ ಶೇವಾ ಎಂಬ ಹೆಸರು ಹೊಸದಲ್ಲ. ಉರಣ್ ಬಳಿಯ ಈ ಬಂದರು 1989ರಲ್ಲಿ ಕೆಲಸ ಆರಂಭಿಸಿತು. ಅದನ್ನು ನಂಬಿಕೊಂಡ ಗೋದಾಮು, ಸಾರಿಗೆ, ಕ್ಲಿಯರಿಂಗ್ ಕಚೇರಿಗಳಲ್ಲಿ ನಮ್ಮವರೂ ದುಡಿಯುತ್ತಿದ್ದಾರೆ. ಕೆಲವರಿಗೆ ಊರಿನ ಪದಾರ್ಥವನ್ನು ಹೊರದೇಶಕ್ಕೆ ಕಳಿಸಿ ಸ್ವಂತ ವ್ಯಾಪಾರ ಮಾಡಬೇಕೆಂಬ ಆಸೆ. ಆಸೆ ಒಳ್ಳೆಯದೇ. ಆದರೆ ಈ ವ್ಯಾಪಾರದಲ್ಲಿ ಸರಕಿಗಿಂತ ಮುಂದೆ ಕಾಗದ ಹೋಗುತ್ತದೆ. ಆ ಕಾಗದಗಳ ಬಗ್ಗೆ ಇಂದು ನಾಲ್ಕು ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನಿಮಗೆಲ್ಲ ಗೊತ್ತು. ಬಣ್ಣ ಗಾಢ, ಖಾರ ಹದ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅದರ ಪುಡಿಯನ್ನು ನೀವು ಯುರೋಪಿಗೆ ಕಳಿಸಬೇಕು. ಏನೇನು ಬೇಕು?

ಮೊದಲನೆಯದು ಐ.ಇ.ಸಿ., ಅಂದರೆ ಆಮದು-ರಫ್ತುದಾರರ ಸಂಕೇತ ಸಂಖ್ಯೆ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಇದನ್ನು ಕೊಡುತ್ತದೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ನಿಮ್ಮ ಪ್ಯಾನ್ ಸಂಖ್ಯೆಯೇ ಐ.ಇ.ಸಿ. ಆಗಿರುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ, ಬದಲಾವಣೆ ಇರಲಿ ಇಲ್ಲದಿರಲಿ, ವಿವರಗಳನ್ನು ಅಂತರಜಾಲದಲ್ಲಿ ದೃಢಪಡಿಸಬೇಕೆಂಬ ನಿಯಮ 2021ರಲ್ಲಿ ಬಂತು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಸರಕು ಬಂದರಿಗೆ ಬಂದ ದಿನ ಇದು ಗೊತ್ತಾದರೆ ಕಷ್ಟ. ಮೆಣಸಿನಪುಡಿ ಸಾಂಬಾರ ಪದಾರ್ಥವಾದ್ದರಿಂದ ಸಾಂಬಾರ ಮಂಡಳಿಯ ರಫ್ತುದಾರ ನೋಂದಣಿಯೂ ಬೇಕು.

ಎರಡನೆಯದು ಸರಕಿನ ಹೆಸರು. ಹೆಸರೆಂದರೆ ನಾವು ಕರೆಯುವ ಹೆಸರಲ್ಲ, ಎಚ್.ಎಸ್. ಸಂಖ್ಯೆ. ವಿಶ್ವ ಸುಂಕ ಸಂಸ್ಥೆಯ ಈ ಪದ್ಧತಿ 1988ರಿಂದ ಜಾರಿಯಲ್ಲಿದೆ. ಮೊದಲ ಆರು ಅಂಕಿಗಳನ್ನು ಈ ಪದ್ಧತಿಗೆ ಸೇರಿದ ದೇಶಗಳೆಲ್ಲ ಒಂದೇ ರೀತಿ ಓದುತ್ತವೆ; ನಮ್ಮಲ್ಲಿ ಎಂಟು ಅಂಕಿ. ನಮ್ಮ ಮೆಣಸಿನಕಾಯಿಯನ್ನೇ ನೋಡಿ: ಹಸಿಯಾಗಿದ್ದರೆ ಅದು ತರಕಾರಿಗಳ ಏಳನೇ ಅಧ್ಯಾಯಕ್ಕೆ ಸೇರುತ್ತದೆ. ಒಣಗಿಸಿದರೆ ಒಂಬತ್ತನೇ ಅಧ್ಯಾಯ, 0904 21. ಕುಟ್ಟಿ ಪುಡಿ ಮಾಡಿದರೆ 0904 22. ಗಿಡ ಒಂದೇ, ಸಂಖ್ಯೆ ಮೂರು. ಸುಂಕ, ಪ್ರೋತ್ಸಾಹಧನ, ನಿರ್ಬಂಧ ಎಲ್ಲವೂ ಆ ಸಂಖ್ಯೆಯನ್ನೇ ಹಿಡಿದು ನಡೆಯುತ್ತವೆ. ಇನ್‌ವಾಯ್ಸ್‌ನಲ್ಲಿ ಒಂದು, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಇನ್ನೊಂದು ಬರೆದರೆ ಸರಕು ಅಲ್ಲೇ ನಿಲ್ಲುತ್ತದೆ.

ಮೂರನೆಯದು ಕೊಳ್ಳುವ ದೇಶದ ಕಾನೂನು. ನಮ್ಮ ಕಸ್ಟಮ್ಸ್ ಬಿಟ್ಟ ಮಾತ್ರಕ್ಕೆ ಅಲ್ಲಿಯವರು ಒಳಗೆ ಬಿಟ್ಟುಕೊಳ್ಳಬೇಕೆಂದಿಲ್ಲ. ಸಾಂಬಾರ ಪದಾರ್ಥಗಳಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಎಥಿಲೀನ್ ಆಕ್ಸೈಡ್ ಎಂಬ ಅನಿಲ ಬಳಸುವುದುಂಟು. ಅಮೆರಿಕದಲ್ಲಿ ಇದಕ್ಕೆ ಮಿತಿಯೊಳಗೆ ಅವಕಾಶವಿದೆ, ಯುರೋಪಿನಲ್ಲಿ ಇಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಅಧಿಕಾರಿಗಳು ಭಾರತದ ಕೆಲವು ಮಸಾಲೆ ಪುಡಿಗಳ ವಿರುದ್ಧ ಇದೇ ಕಾರಣಕ್ಕೆ ಕ್ರಮ ಕೈಗೊಂಡರು. ಇನ್ನು ಒದ್ದೆ ಕಾಯಿಗೆ ಹಿಡಿಯುವ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಮೆಣಸಿನಪುಡಿಯಲ್ಲಿ ಕಿಲೋಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇದ್ದರೆ ಯುರೋಪ್ ಒಪ್ಪುವುದಿಲ್ಲ. ಅಂದರೆ ನಿಯಮಪಾಲನೆ ಬಂದರಿನಲ್ಲಿ ಆರಂಭವಾಗುವುದಲ್ಲ. ರೈತ ಕಾಯಿ ಒಣಗಿಸುವ ಕಣದಲ್ಲೇ ಆರಂಭವಾಗುತ್ತದೆ. ಸರಕನ್ನು ಇಡುವ ಮರದ ಪ್ಯಾಲೆಟ್‌ಗೂ ನಿಯಮವಿದೆ. ಆ ಮರದ ಒಳಭಾಗವನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ಇಲ್ಲವೇ ಮಾನ್ಯವಾದ ಬೇರೆ ವಿಧಾನದಿಂದ ಸಂಸ್ಕರಿಸಿ, ಮುದ್ರೆ ಒತ್ತಿರಬೇಕು.

ನಾಲ್ಕನೆಯದು ಹಣ. ಸರಕು ಕಳಿಸಿದರೆ ಮುಗಿಯಲಿಲ್ಲ. ಅದರ ಬೆಲೆ ಬ್ಯಾಂಕಿನ ಮೂಲಕ ದೇಶಕ್ಕೆ ಬರಬೇಕು. ಇದಕ್ಕಿದ್ದ ಒಂಬತ್ತು ತಿಂಗಳ ಅವಧಿಯನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ ಹದಿನೈದು ತಿಂಗಳಿಗೆ ಏರಿಸಿತು. ಸಮಯ ಹೆಚ್ಚಾಯಿತೆಂದು ಗುರುತಿಲ್ಲದ ಗಿರಾಕಿಗೆ ಸಾಲ ಕೊಡಬೇಡಿ.

ಆಮದು ಮಾಡುವವರಿಗೂ ಒಂದು ಮಾತು. ಒಪ್ಪಂದವಿರುವ ದೇಶದಿಂದ ಬಂದ ಸರಕೆಂದು ಸುಂಕದ ರಿಯಾಯಿತಿ ಕೇಳಿದರೆ, ಮೂಲದ ಪ್ರಮಾಣಪತ್ರವೊಂದೇ ಸಾಲದು. ಸರಕು ನಿಜವಾಗಿ ಆ ದೇಶದ್ದೇ ಎಂಬ ಮಾಹಿತಿ ನಿಮ್ಮ ಬಳಿ ಇರಬೇಕೆಂಬ ನಿಯಮ 2020ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ.

ಇಷ್ಟೆಲ್ಲ ಕೇಳಿ, "ಅದಕ್ಕೆಲ್ಲ ಸಿ.ಎಚ್.ಎ. ಇದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ" ಎಂದು ನೀವು ಹೇಳಬಹುದು. ಕಸ್ಟಮ್ಸ್ ಏಜೆಂಟರ ನೆರವು ಬೇಕೇ ಬೇಕು. ಆದರೆ 2011ರಿಂದ ನಮ್ಮಲ್ಲಿ ಸ್ವಯಂ ನಿರ್ಧಾರದ ಪದ್ಧತಿ ಇದೆ. ಸರಕು ಏನು, ಬೆಲೆ ಎಷ್ಟು, ಸುಂಕ ಎಷ್ಟು ಎಂದು ಘೋಷಿಸುವವರು ನೀವೇ. ಏಜೆಂಟರು ನಿಮ್ಮ ಪರವಾಗಿ ಕಾಗದ ಸಲ್ಲಿಸುತ್ತಾರೆ, ಅವರಿಗೂ ಅವರದೇ ಹೊಣೆ ಇದೆ; ಆದರೆ ನಿಮ್ಮ ಹೊಣೆಯನ್ನು ಅವರು ಹೊರುವುದಿಲ್ಲ. ಗೊತ್ತಿದ್ದೂ ಸುಳ್ಳು ಘೋಷಣೆ ಮಾಡಿದರೆ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕಲು ಕಸ್ಟಮ್ಸ್ ಕಾಯಿದೆಯಲ್ಲಿ ಅವಕಾಶವಿದೆ.

ಇಲ್ಲಿ ಒಂದು ಅಪಾಯವನ್ನು ವಿಶೇಷವಾಗಿ ಹೇಳಬೇಕು. ದೊಡ್ಡ ನಗರಗಳಲ್ಲಿ ಕೆಲವರು ನಂಬಿಸುವ ಮಾತಾಡಿಕೊಂಡು ಬರುತ್ತಾರೆ. "ನಿಮ್ಮ ಪ್ಯಾನ್ ಕೊಡಿ, ನಿಮ್ಮ ಹೆಸರಿನಲ್ಲಿ ಐ.ಇ.ಸಿ. ಮಾಡಿಸುತ್ತೇವೆ. ನೀವೇನೂ ಮಾಡಬೇಕಿಲ್ಲ, ತಿಂಗಳಿಗೆ ಇಷ್ಟು ಕೈಗೆ ಬರುತ್ತದೆ" ಎನ್ನುತ್ತಾರೆ. ಕೆಲಸ ಹುಡುಕುವ ಹುಡುಗರು, ಹೋಟೆಲಿನಲ್ಲಿ ದುಡಿಯುವವರು, ನಿವೃತ್ತರು ಇದಕ್ಕೆ ಸುಲಭವಾಗಿ ಒಪ್ಪಿಬಿಡಬಹುದು. ಕಂಟೇನರಿನಲ್ಲಿ ಬಟ್ಟೆ ಎಂದು ಬರೆದು ಸಿಗರೇಟು ತಂದರೂ, ಇಲ್ಲದ ಸರಕನ್ನು ರಫ್ತು ತೋರಿಸಿ ಸರ್ಕಾರದ ಹಣ ಎತ್ತಿದರೂ, ಸಮನ್ಸ್ ಬರುವುದು ಕಾಗದದಲ್ಲಿ ಹೆಸರಿದ್ದವರ ಮನೆಗೆ. ಸಾಲಕ್ಕೆ ಜಾಮೀನು ಹಾಕಿ ಹೊಲ ಕಳೆದುಕೊಂಡವರ ಕಥೆ ನಮ್ಮೂರುಗಳಲ್ಲಿ ಬೇಕಾದಷ್ಟಿದೆ. ಇದು ಅದಕ್ಕಿಂತ ಕೆಟ್ಟದ್ದು. ಜಾಮೀನು ಹಾಕುವವನಿಗೆ ಸಾಲ ಎಷ್ಟೆಂದಾದರೂ ಗೊತ್ತಿರುತ್ತದೆ. ಇಲ್ಲಿ ಪೆಟ್ಟಿಗೆಯೊಳಗೆ ಏನಿದೆ ಎಂಬುದೇ ಗೊತ್ತಿರುವುದಿಲ್ಲ.

ಆದ್ದರಿಂದ ಮೂರು ರೂಢಿ ಬೆಳೆಸಿಕೊಳ್ಳಿ. ಪ್ಯಾನ್, ಡಿಜಿಟಲ್ ಸಹಿ, ಪಾಸ್‌ವರ್ಡ್‌ಗಳನ್ನು ಬೇರೆಯವರ ಕೈಗೆ ಕೊಡಬೇಡಿ. ಶಿಪ್ಪಿಂಗ್ ಬಿಲ್ ಸಲ್ಲಿಸುವ ಮುನ್ನ ಕರಡು ತರಿಸಿಕೊಂಡು ಸರಕಿನ ಹೆಸರು, ತೂಕ, ಬೆಲೆ, ಸಂಖ್ಯೆಗಳನ್ನು ಇನ್‌ವಾಯ್ಸ್ ಜೊತೆ ತಾಳೆ ನೋಡಿ. ಎಲ್ಲ ದಾಖಲೆಗಳನ್ನು ಕನಿಷ್ಠ ಐದು ವರ್ಷ ಜೋಪಾನವಾಗಿಡಿ. ಇದಕ್ಕೆ ಹಿಡಿಯುವುದು ಒಂದು ಗಂಟೆ. ಮಿಂಚಿ ಹೋದ ಮೇಲೆ ಚಿಂತಿಸಿ ಫಲವಿಲ್ಲ.

ನಿಮ್ಮನ್ನು ಎಂದೂ ಕಾಣದ ಅಧಿಕಾರಿ ಎಲ್ಲೋ ದೂರದ ಬಂದರಿನಲ್ಲಿ ನಿಮ್ಮ ಕಾಗದವನ್ನಷ್ಟೇ ನೋಡಿ ನಿಮ್ಮನ್ನು ಅಳೆಯುತ್ತಾನೆ. ಅದರಲ್ಲಿ ಬರೆದದ್ದೂ ಪೆಟ್ಟಿಗೆಯಲ್ಲಿ ಇರುವುದೂ ಒಂದೇ ಆಗಿರಲಿ. ಎರಡನೇ ಸಲ ಸರಕು ಕಳಿಸುವಾಗ ನಿಮ್ಮ ಹೆಸರೇ ನಿಮಗೆ ದಾರಿ ಮಾಡಿಕೊಡುತ್ತದೆ.